ಚಿಂದಿಯೂರಿನ ಹಂಸಗಳು

‘ಟರ್ನ್ ಲೂಸ್ ದಿ ಸ್ವಾನ್ಸ್’. ಹಂಸಗಳನ್ನು ಬಿಟ್ಟುಬಿಡಿ. ಈ ಆಲ್ಬಮ್ಮಿನ ಹೆಸರನ್ನು ಏಳು ವರ್ಷ ನಾನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿದ್ದೆ. 2010ರ ಒಂದು ಸಂಜೆ ಇಂಗ್ಲೆಂಡಿನ ಲೀಡ್ಸ್‌ನಿಂದ ಡ್ಯೂಸ್‌ಬರಿಗೆ ಬರುವ ಬಸ್ಸಿನಲ್ಲಿ ಆವಿಗಟ್ಟಿದ ಗಾಜಿಗೆ ತಲೆಯಾನಿಸಿ ಕೂತಿದ್ದಾಗ ಸುಮ್ಮನೆ ಕನ್ನಡದಲ್ಲಿ ಹೇಳಿಕೊಂಡೆ. ಹೇಳಿಕೊಂಡಿದ್ದೇ ತಡ, ದಾವಣಗೆರೆಯ ನಮ್ಮ ಅಜ್ಜಿಯ ಓಣಿಯ ಭಜನೆ ಮೇಳ ಕಿವಿಗೆ ಬಂತು. ನಮ್ಮ ಕಡೆಯ ತತ್ವಪದಗಳಲ್ಲಿ ಹಂಸ ಅಂದರೆ ಬರೀ ಹಕ್ಕಿಯಲ್ಲ, ಪ್ರಾಣ. ಗೂಡು ಬಿಟ್ಟು ಹಾರಿಹೋಗುವುದು ಅದೇ. ಇಂಗ್ಲಿಷರ ಹಂಸ ಬೇರೆ. ಬದುಕಿರುವಷ್ಟು ಕಾಲ ಮೂಕವಾಗಿದ್ದು ಸಾಯುವ ಮುಂಚೆ ಒಂದೇ ಸಲ ಹಾಡುತ್ತದೆ ಅನ್ನುವುದು ಯೂರೋಪಿನ ಹಳೆಯ ನಂಬಿಕೆ. ಆ ಎರಡು ಹಂಸಗಳೂ ಬಸ್ಸಿನ ಆ ಸೀಟಿನಲ್ಲಿ ನನ್ನ ಪಕ್ಕ ಬಂದು ಕೂತವು. ಆಮೇಲೆ ಆ ಹಾಡುಗಳು ನನಗೆ ಮೊದಲಿನಂತೆ ಕೇಳಿಸಲೇ ಇಲ್ಲ.

ಹಾಡಿದವರು ಮೈ ಡೈಯಿಂಗ್ ಬ್ರೈಡ್. 1990ರಲ್ಲಿ ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರ್‌ನ ಬ್ರ್ಯಾಡ್‌ಫರ್ಡ್‌ನಲ್ಲಿ ಕಟ್ಟಿದ ತಂಡ. ಈ ಆಲ್ಬಮ್ಮಿನ ಹೊತ್ತಿಗೆ ಆರನ್ ಸ್ಟೇನ್‌ಥೋರ್ಪ್ ಹಾಡುಗಾರ, ಆ್ಯಂಡ್ರೂ ಕ್ರೇಗನ್ ಮತ್ತು ಕ್ಯಾಲ್ವಿನ್ ರಾಬರ್ಟ್‌ಷಾ ಗಿಟಾರಿಗೆ, ಏಡ್ರಿಯನ್ ಜ್ಯಾಕ್ಸನ್ ಬೇಸ್‌ಗೆ, ರಿಕ್ ಮಾಯಾ ಡ್ರಮ್ಸ್‌ಗೆ, ಪಿಟೀಲು ಮತ್ತು ಕೀಬೋರ್ಡಿಗೆ ಮಾರ್ಟಿನ್ ಪವೆಲ್. ‘ಟರ್ನ್ ಲೂಸ್ ದಿ ಸ್ವಾನ್ಸ್’ ಅವರ ಎರಡನೇ ಪೂರ್ಣ ಆಲ್ಬಮ್, 1993ರ ಅಕ್ಟೋಬರಿನಲ್ಲಿ ಪೀಸ್‌ವಿಲ್ ರೆಕಾರ್ಡ್ಸ್‌ನಿಂದ ಬಂತು. ಏಳು ಹಾಡು, ಒಟ್ಟು ಒಂದು ಗಂಟೆಗೆ ಸ್ವಲ್ಪವೇ ಕಡಿಮೆ. ಗಿಟಾರಿನ ಆರ್ಭಟದ ಮೆಟಲ್ ಸಂಗೀತದಲ್ಲೇ ತೀರ ನಿಧಾನದ್ದಾದ ಡೂಮ್ ಮೆಟಲ್ ಕೇಳುವವರು ಹ್ಯಾಲಿಫ್ಯಾಕ್ಸ್‌ನ ಪ್ಯಾರಡೈಸ್ ಲಾಸ್ಟ್, ಲಿವರ್‌ಪೂಲ್‌ನ ಅನಾಥೆಮಾ ಮತ್ತು ಇವರನ್ನು ಸೇರಿಸಿ ‘ಪೀಸ್‌ವಿಲ್ ತ್ರೀ’ ಎಂದು ಕರೆಯುತ್ತಾರೆ. ಮೂರೂ ತಂಡಗಳನ್ನು ನಾನು ಪ್ರೀತಿಸುತ್ತೇನೆ. ಆದರೆ ಒಂದೇ ಆಲ್ಬಮ್ ಉಳಿಸಿಕೊಳ್ಳಬೇಕು ಅಂದರೆ ಯೋಚನೆ ಮಾಡದೆ ಇದನ್ನೇ ಎತ್ತಿಕೊಳ್ಳುತ್ತೇನೆ.

ಮೊದಲು ಕೇಳಿದ್ದು 2003ರಲ್ಲಿ, ದಾವಣಗೆರೆಯಲ್ಲಿ ಜವಳಿ ಎಂಜಿನಿಯರಿಂಗ್ ಓದುವಾಗ. ಬೆಂಗಳೂರಿನಿಂದ ಬರುತ್ತಿದ್ದ ಗೆಳೆಯನೊಬ್ಬ ನೂರಿಪ್ಪತ್ತು ಎಂಪಿ3 ತುಂಬಿದ ಸಿಡಿಯೊಂದನ್ನು ಹಾಸ್ಟೆಲ್ಲಿಗೆ ತಂದಿದ್ದ. ಅರ್ಧದಷ್ಟು ಹಾಡುಗಳಿಗೆ ಹೆಸರಿರಲಿಲ್ಲ, ಉಳಿದವಕ್ಕೆ ತಪ್ಪು ಹೆಸರು. ವೇಗದ ಮೆಟಲ್‌ಗೆ ಹುಚ್ಚು ಹಿಡಿಸಿಕೊಂಡಿದ್ದ ನಮ್ಮ ರೂಮಿನಲ್ಲಿ ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ ಪಿಯಾನೊ, ಅದರ ಮೇಲೆ ಪಿಟೀಲು, ಅದರ ಒಳಗಿಂದ ಒಬ್ಬನೇ ಕೂತು ತನಗೆ ತಾನೇ ಹೇಳಿಕೊಳ್ಳುವಂಥ ಗಂಡುದನಿ. ಗಿಟಾರಿನ ಆರ್ಭಟವಿಲ್ಲ. ‘ತಪ್ಪಿ ಬಂದಿರೋ ಫೈಲ್ ಇರ್ಬೇಕು, ಮುಂದಕ್ಕೆ ಹಾಕು’ ಎಂದ ಒಬ್ಬ. ಹಾಕಲಿಲ್ಲ. ಏಳು ನಿಮಿಷ ಯಾರೂ ಮಾತಾಡದೆ ಕೂತೆವು. ಆಗ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತುಹೋಗಿದ್ದ ಕಾಲ. ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನುವ ಬಿರುದು ಉಳಿದಿತ್ತು, ಸೈರನ್ ಉಳಿದಿರಲಿಲ್ಲ. ಸೈರನ್ ಕೇಳಿ ಎದ್ದು ಅಭ್ಯಾಸವಾಗಿದ್ದ ಹಿರಿಯರು ಅದು ನಿಂತ ಮೇಲೂ ಅದೇ ಹೊತ್ತಿಗೆ ಎದ್ದು ಜಗಲಿಯ ಮೇಲೆ ಕೂರುತ್ತಿದ್ದರು. ಆ ಹಾಡಿನಲ್ಲಿ ನನಗೆ ಕಂಡದ್ದು ಅಂಥ ಕೂರುವಿಕೆ.

ಆರು ವರ್ಷದ ಮೇಲೆ ಕೆಲಸ ನನ್ನನ್ನು ಡ್ಯೂಸ್‌ಬರಿಗೆ ತಂದು ಹಾಕಿತು. ಹಳೆಯ ಬಟ್ಟೆಗಳನ್ನು ನಾರಿನ ಜಾತಿ, ಬಣ್ಣ, ದಪ್ಪ ನೋಡಿ ವಿಂಗಡಿಸುವ ಘಟಕದಲ್ಲಿ ಕೆಲಸ. ಈ ಊರಿಗೂ ಹಳೆ ಬಟ್ಟೆಗೂ ಇನ್ನೂರು ವರ್ಷದ ನಂಟು. ಪಕ್ಕದ ಬ್ಯಾಟ್ಲಿಯಲ್ಲಿ 1813ರಲ್ಲಿ ಬೆಂಜಮಿನ್ ಲಾ ಎಂಬಾತ ಉಣ್ಣೆಯ ಚಿಂದಿಯನ್ನು ಹರಿದು, ನಾರು ನಾರಾಗಿಸಿ, ಸ್ವಲ್ಪ ಹೊಸ ಉಣ್ಣೆ ಬೆರೆಸಿ ಮತ್ತೆ ನೂಲು ತೆಗೆಯುವ ದಾರಿ ಕಂಡುಕೊಂಡ. ಹಾಗೆ ಹುಟ್ಟಿದ ಬಟ್ಟೆಯ ಹೆಸರು ‘ಶಾಡಿ’. ಹತ್ತೊಂಬತ್ತನೇ ಶತಮಾನದಲ್ಲಿ ಯೂರೋಪಿನ ಮೂಲೆಮೂಲೆಯ ಚಿಂದಿ ರೈಲಿನಲ್ಲಿ ಡ್ಯೂಸ್‌ಬರಿಗೆ ಬಂದು ಬೀಳುತ್ತಿತ್ತು. ಸೈನಿಕರ ಕೋಟು, ಕಂಬಳಿ, ಕೂಲಿಗಳ ಬಟ್ಟೆ ಆಗಿ ಹೊರಗೆ ಹೋಗುತ್ತಿತ್ತು. ಚಿಂದಿ ಹರಿಯುವ ಹಲ್ಲಿನ ಯಂತ್ರಕ್ಕೆ ಅಲ್ಲಿಯವರು ಇಟ್ಟ ಹೆಸರು ‘ಡೆವಿಲ್’, ದೆವ್ವ. ಅದರಿಂದ ಏಳುವ ಧೂಳು ದೆವ್ವದ ಧೂಳು. ಮುಂದೆ ‘ಶಾಡಿ’ ಅನ್ನುವ ಪದಕ್ಕೇ ಇಂಗ್ಲಿಷಿನಲ್ಲಿ ಕಳಪೆ ಅನ್ನುವ ಅರ್ಥ ಬಂದುಬಿಟ್ಟಿತು. ನನಗೆ ಇದು ಅನ್ಯಾಯವೆನಿಸುತ್ತದೆ. ಹರಿದುಹೋದದ್ದನ್ನು ಎಸೆಯದೆ ಮತ್ತೆ ನೂಲಾಗಿಸುವುದು ಕಳಪೆ ಕೆಲಸ ಹೇಗಾದೀತು? ಇವತ್ತು ಆ ಕಸುಬಿನ ದೊಡ್ಡ ಊರು ನಮ್ಮ ಹರಿಯಾಣದ ಪಾಣಿಪತ್. ಡ್ಯೂಸ್‌ಬರಿಯಲ್ಲಿ ಉಳಿದಿರುವುದು ಹೊಗೆ ಕುಡಿದು ಕಪ್ಪಾದ ಕಲ್ಲಿನ ಗಿರಣಿಗಳು, ಅವುಗಳ ಮಗ್ಗುಲಲ್ಲಿ ಕ್ಯಾಲ್ಡರ್ ನದಿ, ಮತ್ತು ಗಿರಣಿ ಕೆಲಸಕ್ಕೆಂದು 1960ರ ದಶಕದಲ್ಲಿ ಬಂದು ಸ್ಯಾವಿಲ್ ಟೌನಿನಲ್ಲಿ ನೆಲೆಸಿದ ಗುಜರಾತಿ, ಪಾಕಿಸ್ತಾನಿ ಮನೆತನಗಳು. ಸಂತೆಯಲ್ಲಿ ಮೆಂತ್ಯ ಸೊಪ್ಪು ಸಿಗುತ್ತಿತ್ತು ಅನ್ನುವುದು ನನ್ನಂಥವನಿಗೆ ಎಷ್ಟು ದೊಡ್ಡ ವಿಷಯವೆಂದು ದೂರದೇಶದಲ್ಲಿ ಒಬ್ಬನೇ ಅಡುಗೆ ಮಾಡಿಕೊಂಡವರಿಗೆ ಗೊತ್ತಿರುತ್ತದೆ.

ಅಲ್ಲಿಗೆ ಹೋದ ವರ್ಷವೇ ಲೀಡ್ಸ್‌ನ ಹಳೆ ಸಿಡಿ ಅಂಗಡಿಯಲ್ಲಿ ಈ ಆಲ್ಬಮ್ ಕಣ್ಣಿಗೆ ಬಿತ್ತು. ಹಾಸ್ಟೆಲ್ಲಿನ ತಪ್ಪು ಹೆಸರಿನ ಫೈಲುಗಳಿಗೆ ಕಡೆಗೂ ಮೈ ಬಂತು ಎಂದುಕೊಂಡು ಕೊಂಡೆ. ಬಸ್ಸಿನಲ್ಲೇ ಒಳಗಿನ ಚಿಕ್ಕ ಪುಸ್ತಕ ಬಿಡಿಸಿದೆ. ರೆಕಾರ್ಡ್ ಆದದ್ದು ಅಕಾಡೆಮಿ ಸ್ಟುಡಿಯೋದಲ್ಲಿ. ಅಕಾಡೆಮಿ ಸ್ಟುಡಿಯೋ ಇದ್ದದ್ದು ಡ್ಯೂಸ್‌ಬರಿಯಲ್ಲಿ. ಪೀಸ್‌ವಿಲ್ ಕಂಪನಿ ಬೆಳೆದದ್ದೂ ಇಲ್ಲೇ. ನಾನು ದಿನಾ ಹಾಲು, ಬ್ರೆಡ್ಡು ತರಲು ನಡೆಯುವ ಊರಿನಲ್ಲಿ ಆ ಪಿಟೀಲು ಟೇಪಿಗೆ ಇಳಿದಿತ್ತು.

ಮೊದಲ ಹಾಡು, ಅಂದು ಹಾಸ್ಟೆಲ್ಲಿನಲ್ಲಿ ನಮ್ಮನ್ನು ಸುಮ್ಮನಾಗಿಸಿದ್ದು, ‘ಸಿಯರ್ ಮಿ’. ಹೆಸರಿನ ಪಕ್ಕ ರೋಮನ್ ಅಂಕಿಯಲ್ಲಿ 1993 ಎಂದಿದೆ. ಹಾಗೆ ಇಸವಿ ಬರೆಯಲು ಕಾರಣವಿದೆ. ಇದೇ ಹೆಸರಿನ ಹಾಡು 1992ರ ಅವರ ಮೊದಲ ಆಲ್ಬಮ್ ‘ಆ್ಯಸ್ ದಿ ಫ್ಲವರ್ ವಿದರ್ಸ್’ನಲ್ಲಿಯೂ ಇತ್ತು. ಅಲ್ಲಿ ಅದು ಗಿಟಾರು, ಡ್ರಮ್ಸ್, ಗಂಟಲಾಳದ ಗರ್ಜನೆ ತುಂಬಿದ ಮೆಟಲ್. ಒಂದೇ ವರ್ಷದಲ್ಲಿ ಅದನ್ನು ಬಿಚ್ಚಿ, ಗಿಟಾರು ಡ್ರಮ್ಸ್ ಎರಡನ್ನೂ ಆಚೆ ಇಟ್ಟು, ಕೀಬೋರ್ಡು ಪಿಟೀಲು ದನಿ ಇಷ್ಟರಿಂದಲೇ ಮತ್ತೆ ಕಟ್ಟಿದರು. ಇಪ್ಪತ್ತರ ಆಸುಪಾಸಿನ ಹುಡುಗರು ತಮ್ಮ ಹಾಡನ್ನು, ಅದರ ಬಿಸಿ ಇನ್ನೂ ಆರದಿರುವಾಗ, ಹೀಗೆ ಬಿಚ್ಚಿ ನೋಡಲು ಧೈರ್ಯ ಬೇಕು.

ನಮ್ಮ ಅಜ್ಜಿ ಕೌದಿ ಹೊಲಿಯುತ್ತಿದ್ದಳು. ಹಳೆ ಸೀರೆ, ಧೋತರ, ನಮ್ಮ ಅಂಗಿ ಚಡ್ಡಿ ಎಲ್ಲ ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಸಾಲು ಸಾಲಾಗಿ ಓಡುಹೊಲಿಗೆ ಹಾಕುತ್ತ ಹೋಗುತ್ತಿದ್ದಳು. ಕೌದಿಯಲ್ಲಿ ಪ್ರತಿ ತುಂಡೂ ತನ್ನ ಗುರುತು ಉಳಿಸಿಕೊಂಡಿರುತ್ತದೆ. ಇದು ದೊಡ್ಡವ್ವನ ಸೀರೆ, ಇದು ಕಾಕಾನ ಲುಂಗಿ ಎಂದು ಬೆರಳಿಟ್ಟು ಹೇಳಬಹುದು. ಶಾಡಿ ಹಾಗಲ್ಲ. ಅದು ದೆವ್ವದ ಹಲ್ಲಿಗೆ ಸಿಕ್ಕು ನಾರಾಗಿ ಬಂದದ್ದು. ಯಾರ ಕೋಟು, ಯಾರ ಶಾಲು ಎಂದು ಹೇಳಲಾಗದು, ಆದರೆ ಎಲ್ಲವೂ ಅದರಲ್ಲೇ ಇರುತ್ತದೆ. ‘ಸಿಯರ್ ಮಿ’ಯನ್ನು ಎಷ್ಟೋ ದಿನ ಕೌದಿ ಎಂದೇ ತಿಳಿದಿದ್ದೆ. ಹಳೆಯ ಆಲ್ಬಮ್ ಹುಡುಕಿ ಎರಡನ್ನೂ ಒಂದರ ಹಿಂದೆ ಒಂದು ಕೇಳಿದ ಮೇಲೆ ಗೊತ್ತಾಯಿತು, ಇದು ಶಾಡಿ. ಬೆರಳಿಟ್ಟು ತೋರಿಸಬಹುದಾದ ತೇಪೆ ಇಲ್ಲಿ ಇಲ್ಲ. ಹಳೆಯದನ್ನು ನಾರಿನ ತನಕ ಅರೆದು ಹೊಸದಾಗಿ ನೂತಿದ್ದಾರೆ. ಅದಕ್ಕೇ ಅದು ಹೊಸತೂ ಹೌದು, ತುಂಬ ಹಳೆಯದರ ಹಾಗೂ ಕೇಳಿಸುತ್ತದೆ. 1999ರ ‘ದಿ ಲೈಟ್ ಅಟ್ ದಿ ಎಂಡ್ ಆಫ್ ದಿ ವರ್ಲ್ಡ್’ ಆಲ್ಬಮ್ಮಿನಲ್ಲಿ ಮೂರನೇ ಸಲ ಅದೇ ಹೆಸರಿಗೆ ಮರಳಿದರು. ಒಂದು ದುಃಖ ಒಂದೇ ಸಲಕ್ಕೆ ಹಾಡಿ ಮುಗಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಈ ಸಂಗೀತ ಇಷ್ಟು ನಿಧಾನ ಯಾಕೆ ಎಂದು ಕೇಳುವವರಿಗೆ ನಾನು ಬರ್ಮಿಂಗ್‌ಹ್ಯಾಮ್‌ನಿಂದ ಶುರುಮಾಡಿ ಹೇಳುತ್ತೇನೆ. ಅಲ್ಲಿನ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಹದಿನೇಳರ ಹುಡುಗ ಟೋನಿ ಐಯೊಮಿ, ಕೆಲಸ ಬಿಡಬೇಕಾದ ಕಡೆಯ ದಿನವೇ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿ ಕೊಟ್ಟ. ಎಡಚನಾದ್ದರಿಂದ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ಮತ್ತೆ ನುಡಿಸಿದ. ಬಿಗಿ ತಂತಿ ನೋಯುತ್ತಿದ್ದುದರಿಂದ ಮುಂದೆ ತಂತಿ ಸಡಿಲಿಸಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನ ಹಲವು ಹಾಡುಗಳಲ್ಲಿ ಅವನ ತಂಡ ಬ್ಲ್ಯಾಕ್ ಸಬ್ಬತ್‌ನ ಗಿಟಾರು ಮೂರು ಅರ್ಧಸ್ವರ ಕೆಳಗಿಳಿದಿದೆ. ಸಡಿಲ ತಂತಿಯ ದನಿ ಆಳ, ಭಾರ. ದನಿಯನ್ನು ಒಡೆದು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದ ಗಿಟಾರಿನಲ್ಲಿ ಸ್ವರ ಬೇಗ ಸಾಯುವುದಿಲ್ಲ, ಮೀಟಿ ಬಿಟ್ಟರೂ ಎಳೆದುಕೊಂಡು ನಿಲ್ಲುತ್ತದೆ. ಹಾಗೆ ನಿಂತ ಸ್ವರದ ಒಳಗೆ ಏನೇನಿದೆ ಎಂದು ಕೇಳಬೇಕಾದರೆ ಮುಂದಿನ ಸ್ವರ ಕಾಯಬೇಕು. ಡೂಮ್ ಮೆಟಲ್ ಅಂದರೆ ಆ ಕಾಯುವಿಕೆ. ಧಾರವಾಡದ ಕಡೆಯ ಗಾಯಕರ ವಿಲಂಬಿತ ಖಯಾಲ್ ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಷಡ್ಜದ ಮೇಲೆ ಎಷ್ಟು ಹೊತ್ತು ನಿಲ್ಲಬಹುದು ಅನ್ನುವುದು ನಮಗೆ ಗೊತ್ತು. ಮೈ ಡೈಯಿಂಗ್ ಬ್ರೈಡ್ ಹುಟ್ಟಿದ ಕಾಲದ ಇಂಗ್ಲೆಂಡಿನಲ್ಲಿ ಮಾತ್ರ ಓಟ ಎದುರು ದಿಕ್ಕಿಗಿತ್ತು. ಬರ್ಮಿಂಗ್‌ಹ್ಯಾಮ್‌ನ ನೇಪಾಮ್ ಡೆತ್ 1987ರಲ್ಲಿ ಒಂದು ಸೆಕೆಂಡಿಗೆ ಚೂರು ಮೀರಿದ ಹಾಡನ್ನೇ ಬಿಡುಗಡೆ ಮಾಡಿತ್ತು. ಆ ತಂಡದ ಹಾಡುಗಾರ ಲೀ ಡೋರಿಯನ್ 1989ರಲ್ಲಿ ಹೊರಗೆ ಬಂದು ಕಟ್ಟಿದ್ದು ಕೆಥೀಡ್ರಲ್ ಎಂಬ ತಂಡ. 1991ರ ಅವರ ಮೊದಲ ಆಲ್ಬಮ್ ತೆವಳುವಷ್ಟು ನಿಧಾನ. ವೇಗದ ತುದಿ ಕಂಡವನೇ ನಿಧಾನಕ್ಕೆ ಹೊರಳಿದ್ದು ನನಗೆ ಯಾವಾಗಲೂ ಯೋಚನೆಗೆ ಹಚ್ಚುವ ಸಂಗತಿ.

ಆಲ್ಬಮ್ಮಿಗೆ ಮರಳುತ್ತೇನೆ. ಎರಡನೆಯದು ‘ಯುವರ್ ರಿವರ್’. ಶುರುವಿನ ಹಲವು ನಿಮಿಷ ಗಿಟಾರು ಪಿಟೀಲು ಒಂದರ ಹೆಗಲ ಮೇಲೆ ಒಂದು ಕೈಯಿಟ್ಟು ನಡೆಯುತ್ತವೆ, ಮಾತಿಲ್ಲ. ಸ್ಟೇನ್‌ಥೋರ್ಪ್ ಬಾಯಿ ತೆರೆದಾಗ ಬರುವುದು ತಿಳಿಯಾದ, ಸ್ವಲ್ಪ ಸುತಿ ತಪ್ಪುವ, ತರಬೇತಿಯಿಲ್ಲದ ದನಿ. ಹಿಂದಿನ ಆಲ್ಬಮ್ಮಿನ ತುಂಬ ಗರ್ಜಿಸಿದ್ದವನು ಈ ಆಲ್ಬಮ್ಮಿನಲ್ಲಿ ಮೊದಲ ಸಲ ಬರಿಗಂಟಲಲ್ಲಿ ನಿಲ್ಲುತ್ತಾನೆ. ಡೆತ್ ಮೆಟಲ್ಲಿನಲ್ಲಿ ಗರ್ಜನೆ ಒಂದು ವೇಷ. ಯಕ್ಷಗಾನದ ರಾಕ್ಷಸವೇಷದ ಅಬ್ಬರದ ಹಾಗೆ ಅದು ಮನುಷ್ಯನನ್ನು ದೊಡ್ಡದು ಮಾಡಿ ಮರೆಮಾಡುತ್ತದೆ. ಬಣ್ಣ ತೊಳೆದ ಮುಖದಲ್ಲಿ ರಂಗಕ್ಕೆ ಬಂದ ವೇಷಧಾರಿಯನ್ನು ನೋಡಿದ ಹಾಗಾಗುತ್ತದೆ ಈ ಹಾಡಿನ ಮೊದಲ ಸಾಲಿಗೆ. ಆ ದನಿಯ ಸುತಿ ಕೆಲವೆಡೆ ಅಲುಗುತ್ತದೆ. ಇವತ್ತಿನ ಸ್ಟುಡಿಯೋ ಆಗಿದ್ದರೆ ಅದನ್ನು ಸರಿಮಾಡಿಬಿಡುತ್ತಿದ್ದರು, ಹಾಡು ಸತ್ತುಹೋಗುತ್ತಿತ್ತು. ಗರ್ಜನೆಯೂ ಬರುತ್ತದೆ, ಹಾಡಿನ ಕೊನೆಯ ಕಡೆಗೆ. ಆದರೆ ಬರಿದನಿ ಕೇಳಿದ ಮೇಲೆ ಬಂದ ಗರ್ಜನೆ ಭಯ ಹುಟ್ಟಿಸುವುದಿಲ್ಲ. ತಡೆದು ತಡೆದು ಆಗದೆ ಎದೆ ಒಡೆದು ಬಂದದ್ದು ಅನ್ನಿಸುತ್ತದೆ.

ನಡುವಿನ ಎರಡು ಹಾಡುಗಳ ಬಗ್ಗೆ ಹೆಚ್ಚು ಹೇಳಲಾರೆ. ‘ದಿ ಸಾಂಗ್‌ಲೆಸ್ ಬರ್ಡ್’ನಲ್ಲಿ ಹಿಂದಿನ ಆಲ್ಬಮ್ಮಿನ ಚಾಳಿ ಉಳಿದಿದೆ, ರಿಫ್‌ಗಳು, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕುಗಳು, ಒಂದಕ್ಕೊಂದು ಅಂಟದೆ ಸಾಲಾಗಿ ನಿಂತಂತೆ ಕೇಳುತ್ತವೆ. ‘ದಿ ಸ್ನೋ ಇನ್ ಮೈ ಹ್ಯಾಂಡ್’ ಅದಕ್ಕಿಂತ ಮೇಲು.

‘ದಿ ಕ್ರೌನ್ ಆಫ್ ಸಿಂಪಥಿ’ಗೆ ಬಂದರೆ ನಾನು ಕೆಲಸ ಬಿಟ್ಟು ಕೂರುತ್ತೇನೆ. ಹನ್ನೆರಡು ನಿಮಿಷದ ಹಾಡು. ಕೀಬೋರ್ಡಿನಲ್ಲಿ ನುಡಿಸಿದ ಕಹಳೆ ಕೀಬೋರ್ಡಿನದೇ ಎಂದು ಯಾರಿಗಾದರೂ ಗೊತ್ತಾಗುತ್ತದೆ, ಆ ಕಾಲದ ಅಗ್ಗದ ದನಿ ಅದರಲ್ಲಿದೆ. ಆದರೂ ಅದರ ಮೆರವಣಿಗೆ ನನ್ನನ್ನು ಕರೆದುಕೊಂಡೇ ಹೋಗುತ್ತದೆ. ಎರಡು ಗಿಟಾರುಗಳು ಬೇರೆ ಬೇರೆ ಸ್ವರ ಹಿಡಿದು ಒಂದೇ ನಡಿಗೆಯಲ್ಲಿ ಇಳಿಯುತ್ತವೆ. ರಿಕ್ ಮಾಯಾ ಡ್ರಮ್ಸ್ ಬಾರಿಸುವುದಕ್ಕಿಂತ ಬಾರಿಸದೆ ಬಿಡುವುದೇ ಹೆಚ್ಚು. ಎರಡು ಪೆಟ್ಟಿನ ನಡುವೆ ಒಬ್ಬ ಮನುಷ್ಯ ಉಸಿರು ತೆಗೆದುಕೊಂಡು ಬಿಡುವಷ್ಟು ಜಾಗ. ಪಿಟೀಲಿನ ಬಗ್ಗೆ ಇಲ್ಲೇ ಹೇಳಬೇಕು. ಕರ್ನಾಟಕ ಸಂಗೀತಕ್ಕೆ ಪಿಟೀಲು ಯೂರೋಪಿನಿಂದ ಬಂದು ಇನ್ನೂರು ವರ್ಷವಾಯಿತು. ಅದನ್ನು ನಾವು ಎಷ್ಟು ನಮ್ಮದು ಮಾಡಿಕೊಂಡೆವೆಂದರೆ ಮೈಸೂರಿನ ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸಿದರು, ಬೆಂಗಳೂರು ಪಿಟೀಲಿನ ಆಕಾರದ ಸಭಾಂಗಣವನ್ನೇ ಅವರ ಹೆಸರಿಗೆ ಕಟ್ಟಿತು. ನಮ್ಮಲ್ಲಿ ಅದು ಪಕ್ಕವಾದ್ಯವಾಗಿ ಹಾಡುಗಾರನ ದನಿಯನ್ನು ನೆರಳಿನ ಹಾಗೆ ಹಿಂಬಾಲಿಸುತ್ತದೆ. ಮಾರ್ಟಿನ್ ಪವೆಲ್‌ನ ಪಿಟೀಲು ಹಿಂಬಾಲಿಸುವುದಿಲ್ಲ. ಗಿಟಾರುಗಳು ಕೆಳಗಿನ ಸ್ಥಾಯಿಯನ್ನೆಲ್ಲ ತುಂಬಿಕೊಂಡಿರುವಾಗ ಅದಕ್ಕೆ ಉಳಿದಿರುವುದು ಮೇಲಿನ ಖಾಲಿ ಜಾಗ. ಅಲ್ಲಿ ಒಂದೇ ಎಳೆಯಾಗಿ ತೇಲುತ್ತದೆ. ಅವನು ವೇಗದ ಬೆರಳು ತೋರಿಸುವುದೇ ಇಲ್ಲ. ಮೊದಲ ಆಲ್ಬಮ್ಮಿಗೆ ಅತಿಥಿಯಾಗಿ ನುಡಿಸಿದ್ದವನು ಇದರಲ್ಲಿ ತಂಡದವನಾದ. ಆ ತೀರ್ಮಾನದಿಂದಲೇ ಈ ಆಲ್ಬಮ್ ಹುಟ್ಟಿತು ಎಂದು ನಾನು ನಂಬುತ್ತೇನೆ.

ಆಲ್ಬಮ್ಮಿನ ಹೆಸರನ್ನೇ ಹೊತ್ತ ಹಾಡಿನಲ್ಲಿ ಬರಿದನಿಯೂ ಗರ್ಜನೆಯೂ ಹತ್ತು ನಿಮಿಷ ಕುಸ್ತಿಗೆ ಬೀಳುತ್ತವೆ. ಅದು ಮುಗಿದ ಮೇಲೆ ಕೊನೆಯದು ‘ಬ್ಲ್ಯಾಕ್ ಗಾಡ್’. ಮತ್ತೆ ಗಿಟಾರು ಡ್ರಮ್ಸ್ ಇಲ್ಲ. ಪಿಯಾನೊ, ಪಿಟೀಲು, ಅವನ ದನಿಯ ಜೊತೆ ಒಂದು ಹೆಣ್ಣುದನಿ. ಐದೇ ನಿಮಿಷ. ಬಾಗಿಲು ತೆರೆದ ಹಾಗೆಯೇ ಬಾಗಿಲು ಮುಚ್ಚುತ್ತದೆ. ಒಳಗಿದ್ದ ಭಾರವೆಲ್ಲ ಆ ಎರಡು ಮೆತ್ತನೆಯ ಬಾಗಿಲುಗಳ ನಡುವೆ ಉಳಿಯುತ್ತದೆ. ಮುಂದಿನ ಆಲ್ಬಮ್ಮಿನಲ್ಲಿ, 1995ರಲ್ಲಿ, ಗರ್ಜನೆಯನ್ನು ಪೂರ್ತಿ ಬಿಟ್ಟೇಬಿಟ್ಟರು. ಹೆಸರಾಂತ ಮೆಟಲ್ ತಂಡ ಐರನ್ ಮೇಡನ್ ಜೊತೆ ದೊಡ್ಡ ಸಭಾಂಗಣಗಳಲ್ಲಿ ನುಡಿಸಿದರು. ಹತ್ತಾರು ದೇಶದ ತಂಡಗಳು ಇವರ ದಾರಿ ಹಿಡಿದವು. ಬೆಂಗಳೂರಿನಲ್ಲೂ ಡೂಮ್ ನುಡಿಸುವವರಿದ್ದಾರೆ: ಡೈಯಿಂಗ್ ಎಂಬ್ರೇಸ್ ತೊಂಬತ್ತರ ದಶಕದವರು, ಬೆವರ್ ಸೀ ಆಮೇಲಿನವರು. ನಮ್ಮ ಊರುಗಳಿಂದ ಈ ನಿಧಾನ ಹೊರಟಾಗ ಅದರ ಬಣ್ಣವೇ ಬೇರೆ. ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಬಸ್ಸಿನಲ್ಲಿ ಹೆಸರನ್ನು ಕನ್ನಡಕ್ಕೆ ತಂದುಕೊಂಡ ಆ ವರ್ಷದ ಡಿಸೆಂಬರಿನಲ್ಲಿ ಅಜ್ಜಿಗೆ ಹುಷಾರು ತಪ್ಪಿತು. 18ಕ್ಕೆ ಟಿಕೆಟ್ ಸಿಕ್ಕಿತ್ತು. ಆ ಚಳಿಗಾಲ ಬ್ರಿಟನ್ನಿನ ಮೇಲೆ ಹಿಮ ಸುರಿದದ್ದು ನೆನಪಿರುವವರಿಗೆ ನೆನಪಿರುತ್ತದೆ. ಅವತ್ತು ವಿಮಾನಗಳು ನಿಂತವು, ಮರುದಿನವೂ ನಿಂತವು. 20ರ ಬೆಳಿಗ್ಗೆ ಅಜ್ಜಿ ಹೋದಳು. ರಾತ್ರಿಯ ಭಜನೆಗೆ ನನ್ನ ತಮ್ಮ ಮೊಬೈಲನ್ನು ಮೇಳದ ಹತ್ತಿರ ಹಿಡಿದು ಕೂತಿದ್ದ. ತಾಳ, ದಮ್ಮಡಿ, ಹಾರ್ಮೋನಿಯಂ ಒಂದಕ್ಕೊಂದು ಕಲಸಿ, ನಡುನಡುವೆ ಕಡಿದು, ಮತ್ತೆ ಸೇರಿ ಬರುತ್ತಿತ್ತು. ಕಾಲಿಂಗ್ ಕಾರ್ಡಿನ ಹೆಣ್ಣುದನಿ ಇನ್ನು ಎರಡು ನಿಮಿಷ ಉಳಿದಿದೆ ಎಂದು ಹೇಳಿತು. ಮರುದಿನ ಅವ್ವ ಫೋನ್ ಮಾಡಿದಳು. ‘ಬರಬ್ಯಾಡಪ್ಪಾ ಇನ್ನ. ಮಣ್ಣು ಕೊಟ್ಟು ಬಂದ್ವಿ. ಅಲ್ಲೇ ಒಂದು ದೀಪ ಹಚ್ಚು.’

ಹಚ್ಚಿದೆ. ಆದರೆ ಅದು ಸಾಲಲಿಲ್ಲ. ನಾಲ್ಕು ಗಂಟೆಗೇ ಕತ್ತಲಾಗುವ ಆ ದಿನಗಳಲ್ಲಿ ದೀಪ ಹಚ್ಚಿದರೂ ಕತ್ತಲೆ ಇನ್ನಷ್ಟು ಕಾಣುತ್ತಿತ್ತು. ಮನೆಯ ಉಳಿದ ಬಾಡಿಗೆದಾರರು ರಜೆಗೆ ಊರಿಗೆ ಹೋಗಿದ್ದರು. ಕೆಲಸದ ಜಾಗದಲ್ಲಿ ಸಮಾಧಾನ ಹೇಳಿದವರೆಲ್ಲ ಒಳ್ಳೆಯವರೇ. ಎರಡು ಮಾತು ಹೇಳಿ, ಭುಜ ತಟ್ಟಿ, ಬೇಗ ಮುಗಿಸುತ್ತಿದ್ದರು. ನನಗೆ ಬೇಕಾಗಿದ್ದದ್ದು ಬೇಗ ಮುಗಿಯದ ಏನೋ ಒಂದು. ನಮ್ಮೂರಲ್ಲಿ ರಾತ್ರಿಯಿಡೀ ಭಜನೆ ಯಾಕೆ ಮಾಡುತ್ತಾರೆ ಎಂದು ಆಗ ತಿಳಿಯಿತು. ಐದು ಸಾವಿರ ಮೈಲಿ ಆಚೆ ಆ ಮೇಳ ನನಗೆ ಸಿಗುವಂತಿರಲಿಲ್ಲ. ಈ ಆಲ್ಬಮ್ ಇತ್ತು. ಹಗಲೂ ರಾತ್ರಿ ಅದನ್ನೇ ಕೇಳಿದೆ. ‘ಎದ್ದೇಳು, ಎಲ್ಲ ಸರಿಹೋಗುತ್ತದೆ’ ಎಂದು ಒಂದು ಸಲವೂ ಅದು ಅನ್ನಲಿಲ್ಲ. ನನ್ನ ಪಕ್ಕ ಕೂತಿತ್ತು, ಅಷ್ಟೆ.

24ರ ರಾತ್ರಿ ಹತ್ತರ ಹೊತ್ತಿಗೆ ಗಂಟೆಯ ಸದ್ದು ಕೇಳಿತು. ಡ್ಯೂಸ್‌ಬರಿ ಮಿನ್‌ಸ್ಟರ್, ಊರಿನ ಹಳೆಯ ಚರ್ಚು. ಕಾದಂಬರಿ ಬರೆದ ಬ್ರಾಂಟೆ ಸೋದರಿಯರ ಅಪ್ಪ ಮದುವೆಗೆ ಮುಂಚೆ ಸಹಾಯಕ ಪಾದ್ರಿಯಾಗಿದ್ದದ್ದು ಅಲ್ಲೇ. ಅಲ್ಲಿ ‘ಬ್ಲ್ಯಾಕ್ ಟಾಮ್’ ಎಂಬ ದೊಡ್ಡ ಗಂಟೆಯಿದೆ. ಹದಿನೈದನೇ ಶತಮಾನದಲ್ಲಿ ಸರ್ ಥಾಮಸ್ ಡಿ ಸೂಟ್‌ಹಿಲ್ ಎಂಬ ಜಮೀನ್ದಾರ ಸಿಟ್ಟಿನಲ್ಲಿ ಕೆಲಸದ ಹುಡುಗನನ್ನು ಕೊಂದು, ಆ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಕೊಟ್ಟ ಗಂಟೆ ಎನ್ನುತ್ತದೆ ಐತಿಹ್ಯ. ಪ್ರತಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಕ್ರಿಸ್ತ ಹುಟ್ಟಿ ಎಷ್ಟು ವರ್ಷವಾಯಿತೋ ಅಷ್ಟು ಸಲ ಅದನ್ನು ಬಾರಿಸುತ್ತಾರೆ, ಕೊನೆಯ ಪೆಟ್ಟು ಸರಿಯಾಗಿ ನಡುರಾತ್ರಿಗೆ ಬೀಳುವ ಹಾಗೆ. ಹೆಸರು ‘ಡೆವಿಲ್ಸ್ ನೆಲ್’, ದೆವ್ವದ ಸಾವಿನ ಗಂಟೆ. ಕ್ರಿಸ್ತ ಹುಟ್ಟಿದಾಗ ದೆವ್ವ ಸತ್ತಿತು, ಅದಕ್ಕೆ ಈ ಸಾವಿನ ಗಂಟೆ ಎಂಬುದು ನಂಬಿಕೆ. 1986ರ ಕ್ರಿಸ್‌ಮಸ್ ಅಂಚೆಚೀಟಿಗಳಲ್ಲೊಂದರಲ್ಲಿ ಬ್ರಿಟನ್ನಿನ ಅಂಚೆಯವರು ಇದನ್ನೇ ಚಿತ್ರಿಸಿದ್ದರು. ಚಿಂದಿ ಹರಿಯುವ ದೆವ್ವ, ಗಂಟೆಗೆ ಸಾಯುವ ದೆವ್ವ. ಈ ಊರಿಗೆ ಎರಡು ದೆವ್ವ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಕೋಟು ಹಾಕಿಕೊಂಡು ಹೊರಗೆ ನಡೆದೆ. ಬಿದ್ದ ಹಿಮ ಗಟ್ಟಿಯಾಗಿ ಬೂಟಿನ ಕೆಳಗೆ ಕರಕರ ಅನ್ನುತ್ತಿತ್ತು. ಒಂದು ಪೆಟ್ಟು, ಮೂರು ನಾಲ್ಕು ಸೆಕೆಂಡಿನ ಮೌನ, ಇನ್ನೊಂದು ಪೆಟ್ಟು. ಚರ್ಚಿನ ಗೋಡೆಯ ಬದಿಗೆ ನಿಂತು ಎಣಿಸತೊಡಗಿದೆ. ಏಳುನೂರು ದಾಟಿ ಎಲ್ಲೋ ಲೆಕ್ಕ ತಪ್ಪಿತು. ತಪ್ಪಿದ ಮೇಲೆ ಎಣಿಸುವುದನ್ನು ಬಿಟ್ಟು ಕೇಳಿದೆ. ಕಿವಿಯಲ್ಲಿ ‘ಕ್ರೌನ್ ಆಫ್ ಸಿಂಪಥಿ’ಯ ಡ್ರಮ್ಸ್ ಇನ್ನೂ ಇತ್ತು. ಈ ಆಲ್ಬಮ್ ಬಂದ ವರ್ಷ ಇದೇ ಗಂಟೆ 1993 ಸಲ ಬಾರಿಸಿರುತ್ತದೆ, ಮೊದಲ ಹಾಡಿನ ಹೆಸರಿನ ಪಕ್ಕ ರೋಮನ್ ಅಂಕಿಯಲ್ಲಿರುವಷ್ಟೇ ಸಲ. ತಂಡದವರು ಇದನ್ನು ಯೋಚಿಸಿ ಬರೆದರೆಂದು ನಾನು ಹೇಳುತ್ತಿಲ್ಲ. ಆದರೆ ಒಬ್ಬ ಹುಡುಗನ ಸಾವಿಗಾಗಿ ಶತಮಾನಗಳ ಕಾಲ ಆ ಗಂಟೆಗೆ ಕಿವಿಗೊಟ್ಟ, ಪ್ರತಿ ವರ್ಷ ಒಂದು ಪೆಟ್ಟು ಹೆಚ್ಚೇ ಬಾರಿಸುವ ಊರಿನಲ್ಲಿ ಈ ಆಲ್ಬಮ್ ರೆಕಾರ್ಡ್ ಆಯಿತು ಅನ್ನುವುದು ಆ ರಾತ್ರಿ ನನ್ನನ್ನು ಹಿಡಿದು ನಿಲ್ಲಿಸಿತು. ಅಜ್ಜಿಯ ಮಣ್ಣಿಗೆ ಹೋಗಲಾಗದವನಿಗೆ ಎರಡು ಗಂಟೆ ಕಾಲ, 2010 ಪೆಟ್ಟು. ನಡುರಾತ್ರಿಗೆ ಅದು ನಿಂತಿತು. ಜನ ಒಬ್ಬರಿಗೊಬ್ಬರು ಶುಭಾಶಯ ಹೇಳಿ ಒಳಗೆ ಹೋದರು. ಕ್ಯಾಲ್ಡರ್ ಕಡೆಗೆ ನಡೆದು ಬಂದೆ. ಆ ಹೊತ್ತಿನಲ್ಲಿ ನೀರಿನ ಮೇಲೆ ಹಂಸಗಳಿರಲಿಲ್ಲ. ಹಂಸವನ್ನು ಬಿಟ್ಟುಬಿಡಿ ಎಂದು ಕನ್ನಡದಲ್ಲಿ ಜೋರಾಗಿಯೇ ಹೇಳಿದೆ, ಕೇಳಲು ಯಾರೂ ಇರಲಿಲ್ಲ.

2012ರಲ್ಲಿ ಊರಿಗೆ ಮರಳಿದೆ. ಅಜ್ಜಿ ಹೊಲಿದ ಕೌದಿ ನನ್ನ ಹಾಸಿಗೆಗೆ ಬಂತು. ಹೋದ ತಿಂಗಳು ಅದರ ಒಂದು ಅಂಚು ಬಿಚ್ಚಿ, ಒಳಪದರ ಕಾಣಿಸಿತು. ಮಾಸಿದ ನೀಲಿ ಬಟ್ಟೆ. ನಾನು ಮೂರನೇ ಇಯತ್ತೆಯಲ್ಲಿ ಹಾಕುತ್ತಿದ್ದ ಶಾಲೆಯ ಚಡ್ಡಿ; ಜೇಬಿನ ಹೊಲಿಗೆಯ ಗುರುತು ಕೂಡ ಹಾಗೇ ಇತ್ತು. ಇಷ್ಟು ವರ್ಷ ಅದನ್ನು ಹೊದ್ದು ಮಲಗಿದ್ದೆ, ಒಳಗೆ ಅದಿದೆ ಎಂದು ಗೊತ್ತಿರಲಿಲ್ಲ. ಅವ್ವ ಕಿಟಕಿಯ ಬೆಳಕಿಗೆ ಕೂತು ಅದನ್ನು ತೊಡೆಯ ಮೇಲೆ ಹರಡಿಕೊಂಡಳು. ಸ್ಪೀಕರಿನಲ್ಲಿ ‘ಸಿಯರ್ ಮಿ’ ನಡೆಯುತ್ತಿತ್ತು.

‘ಇದು ಪಿಟೀಲಲ್ಲೇನೋ?’

‘ಹೌದವ್ವಾ.’

‘ಚೆಂದ ಬಾರಿಸ್ತಾನ. ಭಾಳ ನಿಧಾನ ಆತಲ್ಲ.’

‘ಬ್ಯಾರೇದು ಹಾಕ್ಲಾ?’

ಅವ್ವ ಸ್ವಲ್ಪ ಹೊತ್ತು ಕೇಳಿದಳು. ‘ಬ್ಯಾಡ, ಇರ್ಲಿ. ಈ ಸೂಜಿಗೆ ದಾರ ಪೋಣಿಸಿ ಕೊಡು, ನಂಗೆ ಕಾಣಂಗಿಲ್ಲ’ ಎಂದಳು. ಪೋಣಿಸಿ ಕೊಟ್ಟೆ.